ಹುಚ್ಚು ಹಸು ರೋಗವನ್ನು ದನಗಳಲ್ಲಿ ಹೇಗೆ ಪತ್ತೆ ಮಾಡುತ್ತಾರೆ?

ಭಾಲ್ಕಿ ಕಡೆಯಿಂದ ಬಂದ ಪ್ರಶ್ನೆ: ‘ನಮ್ಮ ದೇವಣಿ ಆಕಳು ತೂರಾಡುತ್ತಿದೆ, ಜೊಲ್ಲು ಸುರಿಸುತ್ತಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಹುಚ್ಚು ಹಸು ರೋಗ ಗೊತ್ತಾಗುತ್ತದೆಯೇ?’

ಇಲ್ಲ. ದನ ಬದುಕಿರುವಾಗ ಇದನ್ನು ಖಚಿತಪಡಿಸುವ ಪರೀಕ್ಷೆ ಇಲ್ಲ. ಸತ್ತ ಮೇಲೆ ಮೆದುಳಿನ ಬುಡದ ಚೂರು ತೆಗೆದು, ಅದರಲ್ಲಿ ಪ್ರಿಯಾನ್ ಎಂಬ ಕೆಟ್ಟುಹೋದ ಪ್ರೋಟೀನ್ ಇದೆಯೇ ಎಂದು ನೋಡುತ್ತಾರೆ. ಹಾಗಂತ ದೇಶದ ಎಲ್ಲ ದನಗಳನ್ನೂ ಪರೀಕ್ಷಿಸಲು ಆಗುತ್ತದೆಯೇ? ವರ್ತನೆ ಬದಲಾದವು, ಮೇಲೇಳಲಾಗದೆ ಬಿದ್ದವು, ಕಾರಣ ತಿಳಿಯದೆ ಸತ್ತವು, ಇಂಥವನ್ನೇ ಜಾಸ್ತಿ ಆರಿಸುತ್ತಾರೆ. ರೋಗ ಹೊರಬೀಳಲು ಸುಮಾರು ನಾಲ್ಕೈದು ವರ್ಷ ಬೇಕು. ಎಳೆ ಕರುಗಳನ್ನು ಸುಮ್ನೆ ಪರೀಕ್ಷಿಸಿ ಲಾಭವಿಲ್ಲ.

ನನ್ನ ಪ್ರಕಾರ ಮೇವಿನ ಮೇಲಿನ ನಿಗಾ ಇದಕ್ಕಿಂತ ಮುಖ್ಯ. ಬ್ರಿಟನ್‌ನಲ್ಲಿ 1986ರಲ್ಲಿ ಗುರುತಿಸಿದ ಈ ರೋಗ ಹರಡಿದ್ದು ಮಾಂಸ, ಮೂಳೆ ಪುಡಿ ಬೆರೆಸಿದ ಪಶು ಆಹಾರದಿಂದ. ದನಗಳಿಗೆ ಅದನ್ನು ತಿನ್ನಿಸುವುದನ್ನು 1988ರಲ್ಲೇ ನಿಷೇಧಿಸಿದರೂ, 1992ರ ಒಂದೇ ವರ್ಷ 36,000ಕ್ಕೂ ಹೆಚ್ಚು ಪ್ರಕರಣ ಬಂದವು. ಜೋಳದ ಕಣಿಕೆ, ತೊಗರಿ ಹೊಟ್ಟು ತಿನ್ನುವ ನಮ್ಮ ದನಗಳಿಗೆ ಆ ಭಯ ತೀರಾ ಕಡಿಮೆ.

ನಿಮ್ಮ ಆಕಳಿಗೆ ನಾಯಿ ಕಚ್ಚಿತ್ತೇ, ನೆನಪಿಸಿಕೊಳ್ಳಿ. ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ರೇಬೀಸ್. ಬಾಯಿಗೆ ಬರಿಗೈ ಹಾಕಬೇಡಿ, ಇವತ್ತೇ ಪಶು ವೈದ್ಯರನ್ನು ಕರೆಸಿ.