ಜಪಾನಿನಲ್ಲಿ ಮನೆಮಂದಿಯ ಮೊದಲ ಸ್ಕೀ ಪ್ರವಾಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಳಿಗಾಲದಲ್ಲಿ ಜಪಾನಿಗೆ ಹೋಗಿ ಸ್ಕೀ ಕಲಿಯುವ ಆಸೆಯಿಂದ ಹಲವರು ಪತ್ರ ಬರೆದಿದ್ದಾರೆ. ಹೆಚ್ಚು ಜನರಿಗೆ ಬೇಕಾಗುವ ಪ್ರಶ್ನೆಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವಿಬ್ಬರು, 6 ಮತ್ತು 10 ವರ್ಷದ ಮಕ್ಕಳು, ಜೊತೆಗೆ 68 ವರ್ಷದ ಅತ್ತೆ. ಯಾರೂ ಹಿಮ ಕಂಡವರಲ್ಲ. ಡಿಸೆಂಬರ್ ಕೊನೆಗೆ 8 ದಿನ ರಜೆ ಸಿಗುತ್ತದೆ. ಕೇಳಿದವರೆಲ್ಲ ನಿಸೆಕೊ ಅನ್ನುತ್ತಾರೆ. ಅಲ್ಲಿಗೇ ಹೋಗೋಣವೆ? (ಜಯನಗರ, ಬೆಂಗಳೂರು)

ಉತ್ತರ: ಹೊಕ್ಕೈಡೊ ದ್ವೀಪದ ನಿಸೆಕೊ ಹೆಸರು ಮಾಡಿರುವುದು ಹಿಟ್ಟಿನಂಥ ಒಣ ಹಿಮಕ್ಕೆ. ಸೈಬೀರಿಯಾ ಕಡೆಯ ಕೊರೆಯುವ ಗಾಳಿ ಜಪಾನ್ ಸಮುದ್ರ ದಾಟುವಾಗ ನೀರಾವಿ ತುಂಬಿಕೊಂಡು, ಎದುರಿನ ಬೆಟ್ಟಗಳಿಗೆ ತಾಗಿ ಹಿಮ ಸುರಿಸುತ್ತದೆ. ನಮ್ಮ ಮುಂಗಾರು ಪಶ್ಚಿಮ ಘಟ್ಟಕ್ಕೆ ತಾಗಿ ಆಗುಂಬೆಯಲ್ಲಿ ಸುರಿಯುವ ಕ್ರಮವೇ ಅದು. ಆದರೆ ಮೊಣಕಾಲುದ್ದದ ಆ ಹೊಸ ಹಿಮ ಬೇಕಾಗುವುದು ಸ್ಕೀ ಬಲ್ಲವರಿಗೆ. ಮೊದಲ ಸಲ ಹೋಗುವವರು ಇಡೀ ದಿನ ಕಳೆಯುವುದು ಯಂತ್ರದಿಂದ ಹದ ಮಾಡಿದ, ಬಹಳ ಸೌಮ್ಯವಾದ ಒಂದೇ ಇಳಿಜಾರಿನಲ್ಲಿ. ಹಾಗಾಗಿ ಊರಿನ ಹೆಸರಿಗಿಂತ ಮೊದಲು, ಕೋಣೆಯಿಂದ ಸ್ಕೀ ಶಾಲೆಗೆ ಎಷ್ಟು ದೂರ ನಡೆಯಬೇಕು ಎಂದು ನೋಡಿ. ಗಟ್ಟಿ ಪ್ಲಾಸ್ಟಿಕ್ ಬೂಟು ಹಾಕಿಕೊಂಡ 6 ವರ್ಷದ ಮಗು, ಅದರ ಸ್ಕೀ ಹೊತ್ತ ನೀವು, ಜಾರುವ ರಸ್ತೆ: ಇನ್ನೂರು ಮೀಟರ್ ದಾಟುವುದರಲ್ಲಿ ಪಾಠಕ್ಕೆ ಬೇಕಾದ ಶಕ್ತಿಯೆಲ್ಲ ಮುಗಿದಿರುತ್ತದೆ.

ನಿಮ್ಮ ಕುಟುಂಬಕ್ಕೆ ನಮ್ಮ ಆಯ್ಕೆ ಹೊಕ್ಕೈಡೊದಲ್ಲೇ ಇರುವ ರುಸುತ್ಸು ಅಥವಾ ತೊಮಾಮು. ಎರಡರಲ್ಲೂ ಹೋಟೆಲು, ಶಾಲೆ, ಬಾಡಿಗೆ ಅಂಗಡಿ, ಇಳಿಜಾರು ಒಂದೇ ಆವರಣದಲ್ಲಿವೆ. ತೊಮಾಮುವಿನಲ್ಲಿ ಅಲೆ ಏಳುವ ಒಳಾಂಗಣ ಈಜುಕೊಳವೂ ಇದೆ. ಜನರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ತೂಗು ಕುರ್ಚಿಯ ಲಿಫ್ಟ್ ಬಿರುಗಾಳಿಗೆ ನಿಂತ ದಿನ ಮಕ್ಕಳಿಗೆ ಅದೇ ಆಸರೆ. ಅತ್ತೆಯವರನ್ನು ಗೊಂಡೋಲಾದಲ್ಲಿ (ಮುಚ್ಚಿದ ಕೇಬಲ್ ಕಾರಿನಲ್ಲಿ) ಮೇಲೆ ಕರೆದೊಯ್ಯುವ ಮನಸ್ಸಿದ್ದರೆ, ಸ್ಕೀ ಇಲ್ಲದೆ ಬರುವವರಿಗೆ ಹೋಗಿಬರುವ ಟಿಕೆಟ್ ಉಂಟೇ ಎಂದು ಮೊದಲೇ ಕೇಳಿ. ಅವರಿಗೆ ನಿಜವಾದ ಅಪಾಯ ಬೆಟ್ಟದಲ್ಲಿಲ್ಲ, ಹೋಟೆಲಿನ ಮುಂದಿನ ಗಾಜಿನಂಥ ಮಂಜುಗಡ್ಡೆಯ ರಸ್ತೆಯಲ್ಲಿದೆ. ಶೂ ಮೇಲೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿಯನ್ನು ಇಳಿದ ದಿನವೇ ಕೊಳ್ಳಿ. ಹೆಜ್ಜೆ ಚಿಕ್ಕದಿರಲಿ, ಕೈ ಜೇಬಿನಿಂದ ಹೊರಗಿರಲಿ.

ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ನೇರ ವಿಮಾನವಿದೆ. ಅಲ್ಲಿಂದ ಹೊಕ್ಕೈಡೊದ ನ್ಯೂ ಚಿತೋಸೆಗೆ ಇನ್ನೊಂದು ವಿಮಾನ, ಆಮೇಲೆ ಬಸ್ಸು ಅಥವಾ ರೈಲು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಮುಗಿಸಲು ಹೋಗಬೇಡಿ, ನಡುವೆ ಒಂದು ರಾತ್ರಿ ಮಲಗಿ. ದೊಡ್ಡ ಪೆಟ್ಟಿಗೆಗಳನ್ನು ವಿಮಾನ ನಿಲ್ದಾಣದ ತಾಕ್ಯೂಬಿನ್ ಕೌಂಟರಿನಲ್ಲಿ ಕೊಟ್ಟರೆ ಹೋಟೆಲಿಗೆ ತಲುಪಿಸುತ್ತಾರೆ. ಪೆಟ್ಟಿಗೆ ಟೋಕಿಯೊದಿಂದ ಹೊಕ್ಕೈಡೊಗೆ ತಲುಪಲು ಎರಡು ದಿನವಾದರೂ ಹಿಡಿಯುತ್ತದೆ. ಮೊದಲ ರಾತ್ರಿಯ ಬಟ್ಟೆ, ಔಷಧಿ, ಥರ್ಮಲ್ ಒಳಉಡುಪು ಕೈಚೀಲದಲ್ಲೇ ಇರಲಿ. ಎರಡನೆಯ ವಿಮಾನ ಬೇಡವೆನ್ನುವವರು ನಗಾನೊ ಪ್ರಾಂತ್ಯದ ಹಕುಬಾ ಕಣಿವೆಗೆ ಹೋಗಬಹುದು. ಟೋಕಿಯೊದಿಂದ ನಗಾನೊಗೆ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು. 1998ರ ಚಳಿಗಾಲದ ಒಲಿಂಪಿಕ್ಸ್ ಸ್ಪರ್ಧೆಗಳು ನಡೆದ ಜಾಗ ಅದು. ಕಲಿಯುವವರಿಗೆ ಅಲ್ಲಿ ತ್ಸುಗಾಯ್ಕೆಯ ಅಗಲವಾದ ಕೆಳ ಇಳಿಜಾರು ಒಳ್ಳೆಯದು.

ದಿನಾಂಕದ ಬಗ್ಗೆ ಒಂದು ಮಾತು. ಡಿಸೆಂಬರ್ 28ರಿಂದ ಜನವರಿ 3ರವರೆಗೆ ಜಪಾನೀಯರಿಗೂ ರಜೆ. ಕೋಣೆ ದುಬಾರಿ, ಇಂಗ್ಲಿಷಿನಲ್ಲಿ ಕಲಿಸುವವರು ಸಿಗುವುದೇ ಕಷ್ಟ. ಶಾಲೆಯಲ್ಲಿ ನಾಲ್ಕು ದಿನ ರಜೆ ಕೇಳಲು ಸಾಧ್ಯವಿದ್ದರೆ ಸಂಕ್ರಾಂತಿಯ ಆಸುಪಾಸಿಗೆ ಇಟ್ಟುಕೊಳ್ಳಿ. ಹಿಮವೂ ಆಗ ಚೆನ್ನಾಗಿ ಕೂತಿರುತ್ತದೆ. ಚೀನೀ ಹೊಸ ವರ್ಷದ ವಾರ ತಪ್ಪಿಸಿ, 2027ರಲ್ಲಿ ಅದು ಫೆಬ್ರವರಿ 6ಕ್ಕೆ ಬರುತ್ತದೆ.

ಪ್ರಶ್ನೆ: ಬಟ್ಟೆ, ಬೂಟು ಇಲ್ಲಿಂದ ಕೊಂಡೊಯ್ಯಬೇಕೆ, ಅಲ್ಲೇ ಬಾಡಿಗೆಗೆ ಪಡೆಯಬೇಕೆ? ಮಕ್ಕಳಿಗೆ ಚಳಿ ಹತ್ತಿದರೆ ಎಂಬ ಭಯ. (ದಾವಣಗೆರೆ)

ಉತ್ತರ: ಸ್ಕೀ, ಬೂಟು, ಕೋಲು, ಹೆಲ್ಮೆಟ್, ಹೊರ ಜಾಕೆಟ್ ಮತ್ತು ಪ್ಯಾಂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಮೈಗೆ ಅಂಟಿಕೊಳ್ಳುವ ಥರ್ಮಲ್ ಎರಡು ಜೊತೆ, ತೆಳು ಫ್ಲೀಸ್ ಒಂದು, ಉದ್ದನೆಯ ಉಣ್ಣೆ ಕಾಲುಚೀಲ ಮೂರು ಜೊತೆ, ನೀರು ಇಳಿಯದ ಕೈಗವಸು, ಕತ್ತಿಗೆ ಸುತ್ತುವ ಫ್ಲೀಸ್ ಕೊಳವೆ, ಗಾಗಲ್ಸ್ ಇಷ್ಟನ್ನು ಇಲ್ಲೇ ಕೊಂಡುಕೊಳ್ಳಿ. ಚಿಕ್ಕ ಮಕ್ಕಳಿಗೆ ಐದು ಬೆರಳಿನ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಸೇರುವ ಮಿಟನ್ ಬೆಚ್ಚಗೆ, ಹಾಕುವುದೂ ಸುಲಭ. ಒದ್ದೆಯಾದಾಗ ಬದಲಿಸಲು ಇನ್ನೊಂದು ಜೊತೆ ನಿಮ್ಮ ಬ್ಯಾಗಿನಲ್ಲಿರಲಿ.

ಹತ್ತಿ ಬನಿಯನ್ ಮಾತ್ರ ಬೇಡವೇ ಬೇಡ. ಸ್ಕೀ ಮಾಡುವಾಗ ಬೆವರು ಬರುತ್ತದೆ, ಹತ್ತಿ ಅದನ್ನು ಹೀರಿಕೊಂಡು ಒದ್ದೆಯಾಗೇ ಉಳಿಯುತ್ತದೆ. ಆಮೇಲೆ ಲಿಫ್ಟ್ ಮೇಲೆ ಗಾಳಿಗೆ ಎದುರಾಗಿ ಹತ್ತು ನಿಮಿಷ ಸುಮ್ಮನೆ ಕೂತಾಗ ಮೈ ನಡುಗುತ್ತದೆ. ಉಣ್ಣೆಯದು ಅಥವಾ ಪಾಲಿಯೆಸ್ಟರಿನದು ಆಗಬಹುದು.

ಈಗ ಬೂಟು. ಮೊದಲ ದಿನ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಸಂಜೆ ಹೊತ್ತು ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಜಪಾನಿನಲ್ಲಿ ಅಳತೆ 24.5, 26 ಎಂದು ಸೆಂಟಿಮೀಟರಿನಲ್ಲೇ ಇರುತ್ತದೆ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಹಗುರವಾಗಿ ತಾಗಬೇಕು, ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಅಭ್ಯಾಸವಿಲ್ಲದವರು ಬೆರಳು ತಾಗಿತೆಂದು ಒಂದು ಸೈಜ್ ದೊಡ್ಡದು ಕೇಳುತ್ತಾರೆ. ಆಗ ಪಾದ ಒಳಗೆ ಓಡಾಡಿ ಸ್ಕೀ ಮಾತು ಕೇಳುವುದಿಲ್ಲ.

ಹಾಕುವ ಕ್ರಮ ಹೀಗೆ. ಕಾಲು ಒಳಗಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಎರಡು ಮೂರು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಹರಡಿನ ಹತ್ತಿರದ ಬಕಲನ್ನು ಮೊದಲು ಬಿಗಿಯಿರಿ, ಆಮೇಲೆ ಮೇಲಿನದು, ಕೊನೆಗೆ ಬೆರಳ ಮೇಲಿನವನ್ನು ಹಗುರವಾಗಿ. ಬೂಟಿನೊಳಗೆ ಒಂದೇ ಕಾಲುಚೀಲ, ಸುಕ್ಕಿಲ್ಲದೆ. ಚಳಿಯೆಂದು ಎರಡು ಹಾಕಿಸಿದರೆ ರಕ್ತ ಸಂಚಾರ ಬಿಗಿದು ಕಾಲು ಇನ್ನೂ ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ಅಂಚು ಬೂಟಿನ ಒಳಗೆ ಸೇರಿಕೊಂಡರೆ ಮಧ್ಯಾಹ್ನದೊಳಗೆ ಕಣಕಾಲ ಮುಂದಿನ ಮೂಳೆ ಕೆಂಪಗಾಗಿ ಮಗು ಅಳಲು ಶುರುಮಾಡುತ್ತದೆ. ಕಾರಣ ತಿಳಿಯದೆ ತಂದೆತಾಯಿ ಬೂಟನ್ನೇ ಬೈಯುತ್ತಾರೆ. ಅಂಚನ್ನು ಬೂಟಿನ ಮೇಲಕ್ಕೆ ಎಳೆದುಬಿಡಿ, ನೋವು ಹೋಗುತ್ತದೆ.

ಬಾಡಿಗೆ ಅಂಗಡಿಯ ಅರ್ಜಿಯಲ್ಲಿ ಎತ್ತರ, ತೂಕ, ವಯಸ್ಸು, ಸ್ಕೀ ಅನುಭವ ಕೇಳುತ್ತಾರೆ. ನಿಜವನ್ನೇ ಬರೆಯಿರಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳಬೇಕು, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನ ಬಿಗಿ ನಿಂತಿರುವುದು ಈ ಲೆಕ್ಕದ ಮೇಲೆ. ತೂಕ ಹೆಚ್ಚು ಬರೆದರೆ ಕಳಚಬೇಕಾದಾಗ ಕಳಚದೆ ಮೊಣಕಾಲು ತಿರುಚುತ್ತದೆ, ಕಡಿಮೆ ಬರೆದರೆ ಸುಮ್ಮನೆ ಜಾರುವಾಗಲೇ ಸ್ಕೀ ಬಿಟ್ಟುಹೋಗುತ್ತದೆ. ಪ್ರತಿ ಸಲ ಸ್ಕೀ ಹತ್ತುವ ಮುನ್ನ ಬೂಟಿನ ಅಡಿಗೆ ಮೆತ್ತಿದ ಹಿಮವನ್ನು ಕೋಲಿನಿಂದ ಕೆರೆದು ತೆಗೆಯಬೇಕು. ಇಲ್ಲವಾದರೆ ಹಿಮ್ಮಡಿ ಪೂರ್ತಿ ಕೂರುವುದಿಲ್ಲ.

ಅಂಗಡಿಗಳಲ್ಲಿ ಸಿಗುವ ಕೈರೊ ಎಂಬ ಬಿಸಿ ಪೊಟ್ಟಣ ಬಹಳ ಉಪಯುಕ್ತ. ಅದನ್ನು ಬಟ್ಟೆಯ ಮೇಲೆ ಇಡಬೇಕು. ಚರ್ಮಕ್ಕೆ ನೇರವಾಗಿ ತಾಗಿಸಿ ಗಂಟೆಗಟ್ಟಲೆ ಬಿಟ್ಟರೆ ಸುಡುತ್ತದೆ.

ಪ್ರಶ್ನೆ: ನನಗೆ ಗುಲ್ಮಾರ್ಗ್‌ನಲ್ಲಿ ಸ್ವಲ್ಪ ಕಲಿತ ಅನುಭವವಿದೆ. 5 ಮತ್ತು 9 ವರ್ಷದ ಮಕ್ಕಳಿಗೆ ನಾನೇ ಕಲಿಸಿದರೆ ಸಾಲದೆ? ದೊಡ್ಡವನಿಗೆ ಸ್ನೋಬೋರ್ಡ್ ಆಸೆ. (ಮಂಗಳೂರು)

ಉತ್ತರ: ಸಾಲದು. ಮೊದಲ ಎರಡು ದಿನ ಶಾಲೆಗೆ ಬಿಡಿ. ಮಕ್ಕಳು ಅಪ್ಪನ ಹತ್ತಿರ ಹಟ ಮಾಡುವಷ್ಟು ಬೇರೆಯವರ ಹತ್ತಿರ ಮಾಡುವುದಿಲ್ಲ. ಜೊತೆಗೆ, ಕಲಿಸುವವರಿಗೆ ಮಗುವಿನ ಮುಂದೆ ಹಿಮ್ಮುಖವಾಗಿ ಜಾರಲು ಬರಬೇಕು. ಚಲಿಸುವ ಪಟ್ಟಿಯ ಮೇಲೆ ನಿಂತು ಹತ್ತುವ ಸಣ್ಣ ಇಳಿಜಾರಿನಲ್ಲಿ ಮೊದಲು ಸ್ಕೀಯ ಮುಂತುದಿಗಳನ್ನು ಕೂಡಿಸಿ ನಿಲ್ಲುವುದನ್ನು ಕಲಿಸುತ್ತಾರೆ, ಮಕ್ಕಳಿಗೆ ಅದನ್ನು ಪಿಜ್ಜಾ ಎನ್ನುತ್ತಾರೆ. ಹೇಳಿದ ಜಾಗದಲ್ಲಿ ನಿಲ್ಲಲು ಬರುವ ತನಕ ಲಿಫ್ಟ್ ಹತ್ತಿಸಬೇಡಿ.

ಸ್ನೋಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತವೆ. ಮೊದಲ ದಿನವೆಲ್ಲ ಕುಂಡೆ ಮತ್ತು ಮಣಿಕಟ್ಟಿನ ಮೇಲೆ ಬೀಳುವುದೇ. ಇರುವುದು ನಾಲ್ಕೇ ದಿನ ಎಂದಾದರೆ ಸ್ಕೀ ಬೇಗ ಖುಷಿ ಕೊಡುತ್ತದೆ. ಹಟ ಹಿಡಿದರೆ ಮಣಿಕಟ್ಟಿನ ರಕ್ಷಣೆಯ ಪಟ್ಟಿ ಕಡ್ಡಾಯ ಮಾಡಿ.

ಇಂಗ್ಲಿಷ್ ಪಾಠವನ್ನು ಕೋಣೆಯ ಜೊತೆಗೇ ಕಾದಿರಿಸಿ, ಹೋಗಿ ನೋಡೋಣ ಎಂದರೆ ಸಿಗುವುದಿಲ್ಲ. ಇಡೀ ಬೆಟ್ಟದ ಲಿಫ್ಟ್ ಪಾಸು ಮೊದಲ ದಿನವೇ ಕೊಳ್ಳಬೇಡಿ. ಹಲವು ಕಡೆ ಕೆಲವು ಗಂಟೆಗಳ ಟಿಕೆಟ್ ಅಥವಾ ಕಲಿಯುವವರ ಲಿಫ್ಟಿನ ಟಿಕೆಟ್ ಬೇರೆ ಇರುತ್ತದೆ. ಜಪಾನಿನ ನಕ್ಷೆಗಳಲ್ಲಿ ಹಸಿರು ಗೆರೆ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಒಂದು ವಾರ ಏನು ತಿನ್ನುವುದು? ಕುಕ್ಕರ್ ಒಯ್ಯಬಹುದೆ? (ಉಡುಪಿ)

ಉತ್ತರ: ಮಾಂಸವಿಲ್ಲ ಎಂದು ಹೇಳಿದರೆ ಮೀನು ಇಲ್ಲ ಎಂದು ಅಲ್ಲಿ ಅರ್ಥವಾಗುವುದಿಲ್ಲ. ಮಿಸೊ (ಹುದುಗಿಸಿದ ಸೋಯಾ) ಸಾರು, ಉದೊನ್ ಮತ್ತು ಸೋಬಾ ನೂಡಲ್ಸ್, ಅವುಗಳ ಜೊತೆಯ ಸಾಸು, ಕಡೆಗೆ ಬೇಯಿಸಿದ ತರಕಾರಿಗೂ ದಾಶಿ ಎಂಬ ತಿಳಿ ಹಾಕುತ್ತಾರೆ. ಅದನ್ನು ಸಾಮಾನ್ಯವಾಗಿ ಒಣಗಿಸಿ ತೆಳ್ಳಗೆ ಕೆತ್ತಿದ ಕತ್ಸುಓ ಮೀನಿನಿಂದ ಮಾಡುತ್ತಾರೆ. ಇಳಿಜಾರಿನ ಕ್ಯಾಂಟೀನುಗಳ ಕರಿ ರೈಸ್‌ನಲ್ಲಿ ತುಂಡು ಕಾಣದಿದ್ದರೂ ಗಟ್ಟಿ ಮಸಾಲೆಯಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರುವುದು ಸಾಮಾನ್ಯ. ಆಲೂ ಫ್ರೈ ಕೋಳಿ ಕರಿದ ಎಣ್ಣೆಯಲ್ಲೇ ಆಗಿರಬಹುದು. ಪೊಟ್ಟಣದ ಮೇಲಿನ ಅಲರ್ಜಿ ಪಟ್ಟಿ ನೋಡಿ ನಿಶ್ಚಿಂತರಾಗಬೇಡಿ; ಹಾಲು, ಮೊಟ್ಟೆ, ಗೋಧಿಯನ್ನು ಹೇಳಲೇಬೇಕು, ಕತ್ಸುಓ ಆ ಕಡ್ಡಾಯ ಪಟ್ಟಿಯಲ್ಲಿಲ್ಲ. "ನಿಕು ತೊ ಸಕಾನ ತೊ ತಮಾಗೊ ತೊ ಕತ್ಸುಓ-ದಾಶಿ ವ ತಾಬೆರಾರೆಮಾಸೆನ್", ಅಂದರೆ ಮಾಂಸ, ಮೀನು, ಮೊಟ್ಟೆ, ಕತ್ಸುಓ ದಾಶಿ ತಿನ್ನುವುದಿಲ್ಲ. ಇದನ್ನು ಜಪಾನಿ ಅಕ್ಷರದಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಂಡು ತೋರಿಸಿ.

ನಿಮ್ಮಂಥವರಿಗೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಕೋಣೆಯೇ ಸರಿ. ಇದೊಂದು ವಿಷಯದಲ್ಲಿ ನಿಸೆಕೊದ ಹಿರಾಫು ಮುಂದಿದೆ, ಅಂಥ ಕೋಣೆಗಳು ಅಲ್ಲಿ ಹೇರಳ. ಅಕ್ಕಿ, ಹಾಲು, ಮೊಸರು, ತೋಫು, ಎಲೆಕೋಸು, ಆಲೂಗಡ್ಡೆ ಅಲ್ಲೇ ಸಿಗುತ್ತವೆ. ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿಟ್ಟಿನ ಮಿಕ್ಸ್, ಅವಲಕ್ಕಿ ಒಯ್ಯಿರಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ನಿಂಬೆಹಣ್ಣು ಬೇಡ. ತಾಜಾ ಹಣ್ಣು ತರಕಾರಿಗೆ ಭಾರತದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಒಗ್ಗರಣೆಯನ್ನು ಮನೆಯಲ್ಲೇ ಹುರಿದು ಡಬ್ಬಿಗೆ ತುಂಬಿ.

ವಿದ್ಯುತ್ ಅಲ್ಲಿ 100 ವೋಲ್ಟ್. ನಮ್ಮ 230 ವೋಲ್ಟಿನ, 700 ವಾಟಿನ ರೈಸ್ ಕುಕ್ಕರ್ ಅಲ್ಲಿ ಸುಮಾರು 130 ವಾಟ್ ಮಾತ್ರ ಕೊಡುತ್ತದೆ. ಅಕ್ಕಿ ನೆನೆಯುತ್ತದೆ, ಬೇಯುವುದಿಲ್ಲ. ಪಿನ್ ಬದಲಿಸುವ ಅಡಾಪ್ಟರಿನಿಂದ ಇದು ಸರಿಹೋಗದು. ಪ್ರೆಶರ್ ಕುಕ್ಕರ್ ಒಯ್ಯುವುದಾದರೆ ಅಡಿಗೆ ಆಯಸ್ಕಾಂತ ಅಂಟುವ ಸ್ಟೀಲಿನದೇ ಆಗಬೇಕು. ಆ ಕೋಣೆಗಳಲ್ಲಿ ಬಹಳಷ್ಟು ಕಡೆ ಇಂಡಕ್ಷನ್ ಒಲೆ ಇರುತ್ತದೆ, ಸಾದಾ ಅಲ್ಯೂಮಿನಿಯಂ ಅದರ ಮೇಲೆ ಬಿಸಿಯಾಗುವುದಿಲ್ಲ.

ಪ್ರಶ್ನೆ: ಟೋಕಿಯೊದ ಬಳಿ ನೆಲೆಸಿದ್ದೇವೆ. ಮಾರ್ಚ್ ಕೊನೆಯಲ್ಲಿ ಊರಿನಿಂದ ಅಪ್ಪ, ಅಮ್ಮ, ಅಕ್ಕನ ಮಕ್ಕಳು ಬರುತ್ತಾರೆ. ಒಂದೇ ದಿನದಲ್ಲಿ ಹಿಮ ತೋರಿಸಿ ಬರಬಹುದೆ? (ಕವಾಸಾಕಿ, ಜಪಾನ್)

ಉತ್ತರ: ಖಂಡಿತ. ಗಾಲಾ ಯುಜಾವಾದಲ್ಲಿ ಶಿಂಕಾನ್ಸೆನ್ ನಿಲ್ದಾಣವೇ ಸ್ಕೀ ಕೇಂದ್ರ. ಟೋಕಿಯೊದಿಂದ ಸುಮಾರು ಒಂದೂಕಾಲು ಗಂಟೆ. ಇಳಿದಲ್ಲೇ ಬಾಡಿಗೆ ಸಾಮಾನು, ಅಲ್ಲಿಂದಲೇ ಗೊಂಡೋಲಾ. ಅಪ್ಪ ಅಮ್ಮನಿಗೆ ನೀರಿಳಿಯದ ಬೂಟು ಹಾಕಿಸಿ. ಮಾರ್ಚ್ ಕೊನೆಯ ಹಿಮ ಬೆಳಗ್ಗೆ ಗಟ್ಟಿ, ಮಧ್ಯಾಹ್ನಕ್ಕೆ ಕೆಸರಿನಷ್ಟು ಭಾರ. ಸ್ಕೀ ಸಿಕ್ಕಿಕೊಂಡು ಮೊಣಕಾಲು ತಿರುಚುವುದು ಆ ಹೊತ್ತಿನಲ್ಲೇ. ಮಕ್ಕಳ ಪಾಠ ಬೆಳಗ್ಗೆಯೇ ಮುಗಿಯಲಿ, ಮಧ್ಯಾಹ್ನ ಸ್ಲೆಡ್ ಸಾಕು. ಎರಡು ದಿನ ಇದ್ದರೆ ನಗಾನೊ ಪ್ರಾಂತ್ಯದ ಸ್ಕೀ ಪ್ರದೇಶ ಶಿಗಾ ಕೊಗೆನ್ ಮೇಲು. ಅಲ್ಲಿನ ಯೊಕೊತೆ ಬೆಟ್ಟದ ತುದಿ 2,307 ಮೀಟರ್, ಹಿಮ ತಡವಾಗಿ ಕರಗುತ್ತದೆ.

ಪ್ರಶ್ನೆ: ನನ್ನ ಗಂಡ, 16ರ ಮಗ ಇಬ್ಬರೂ ಚೆನ್ನಾಗಿ ಸ್ಕೀ ಮಾಡುತ್ತಾರೆ. ಮರಗಳ ನಡುವಿನ ಹೊಸ ಹಿಮದಲ್ಲಿ ಇಳಿಯುವ ಹಂಬಲ. ವಿಮೆ, ಔಷಧಿಯ ಬಗ್ಗೆಯೂ ತಿಳಿಸಿ. (ಮೈಸೂರು)

ಉತ್ತರ: ಹಗ್ಗ ಕಟ್ಟಿದಲ್ಲಿ ಅದರಡಿ ನುಸುಳುವಂತಿಲ್ಲ. ನಿಸೆಕೊದಲ್ಲಿ ಸ್ಕೀ ಕೇಂದ್ರದ ಗಡಿಯ ಹೊರಗಿನ ಹಿಮಕ್ಕೆ ಹೋಗಲು ಗೊತ್ತುಪಡಿಸಿದ ಗೇಟುಗಳಿವೆ. ಹಿಮಕುಸಿತದ ಅಂದಾಜು ನೋಡಿ ದಿನದಿನವೂ ತೆರೆಯುತ್ತಾರೆ, ಮುಚ್ಚುತ್ತಾರೆ. ಮುಚ್ಚಿದ್ದರೆ ವಾಪಸು ಬರಬೇಕು. ದಟ್ಟ ಕೊಂಬೆಯ ಮರದ ಬುಡದಲ್ಲಿ ಹಿಮ ಸಡಿಲವಾಗಿ ಗುಂಡಿ ಉಳಿದಿರುತ್ತದೆ. ತಲೆಕೆಳಗಾಗಿ ಅದರೊಳಗೆ ಬಿದ್ದವರು ತಾವಾಗಿ ಹೊರಬರುವುದು ಬಹಳ ಕಷ್ಟ, ಉಸಿರು ಕಟ್ಟುವುದಕ್ಕೆ ನಿಮಿಷಗಳು ಸಾಕು. ಜೊತೆಗಾರ ಕಣ್ಣಿಗೆ ಕಾಣುವ, ಕೂಗು ಕೇಳುವ ದೂರದಲ್ಲಿರಬೇಕು, ಕೊರಳಲ್ಲಿ ಸೀಟಿ ಇರಬೇಕು. ಗೇಟು ದಾಟುವವರು ಮಾರ್ಗದರ್ಶಿಯೊಂದಿಗೆ, ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ಸಂಕೇತ ಸಾಧನ), ಸಲಿಕೆ, ಪ್ರೋಬ್ ಕೋಲು (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಹೊತ್ತೇ ಹೋಗಬೇಕು.

ಸಾಮಾನ್ಯ ಪ್ರವಾಸಿ ವಿಮೆಯಲ್ಲಿ ಸ್ಕೀಯನ್ನು ಸಾಹಸ ಕ್ರೀಡೆಯೆಂದು ಹೊರಗಿಟ್ಟಿರುವುದು ಬಹಳ. ಪಾಲಿಸಿಯ ಒಳಪುಟದಲ್ಲಿ ಸ್ಕೀ, ಗೊತ್ತುಪಡಿಸಿದ ಇಳಿಜಾರಿನ ಹೊರಗಿನ ಸ್ಕೀ, ಬೆಟ್ಟದಿಂದ ಕೆಳಗಿಳಿಸುವ ವೆಚ್ಚ, ಈ ಮೂರೂ ಇವೆಯೇ ಎಂದು ಓದಿ, ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಆಸ್ಪತ್ರೆಯಲ್ಲಿ ಮೊದಲು ನೀವೇ ಹಣ ಕಟ್ಟಬೇಕಾಗಬಹುದು, ರಸೀದಿಗಳನ್ನು ಜೋಪಾನ ಮಾಡಿ. ಆಂಬುಲೆನ್ಸಿಗೆ 119.

ವೈದ್ಯರು ಬರೆದ ಔಷಧಿ ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು, ಚೀಟಿ ಜೊತೆಗಿರಲಿ. ಹೆಚ್ಚು ಬೇಕಿದ್ದರೆ ಹೊರಡುವ ಮುನ್ನವೇ ಜಪಾನಿನ ಅನುಮತಿ ಪತ್ರ ಪಡೆಯಬೇಕು. ಶೀತ ಕೆಮ್ಮಿನ ಔಷಧಿಯಲ್ಲಿ ಸೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿದ್ದರೆ, ಕೋಡೀನ್ ಶೇ 1ಕ್ಕಿಂತ ಹೆಚ್ಚಿದ್ದರೆ ಅನುಮತಿಯಿಲ್ಲದೆ ಒಯ್ಯುವುದು ಅಲ್ಲಿನ ಕಾನೂನಿಗೆ ವಿರುದ್ಧ. ಪೆಟ್ಟಿಗೆ ಕಟ್ಟುವ ಮುನ್ನ ಮನೆಯ ಔಷಧಿ ಡಬ್ಬಿಯ ಪ್ರತಿ ಸ್ಟ್ರಿಪ್ಪಿನ ಹಿಂಭಾಗ ಓದಿ, ಸಂಶಯ ಬಂದದ್ದನ್ನು ಮನೆಯಲ್ಲೇ ಬಿಡಿ.