ಸಂಪಾದಕರ ಉತ್ತರ: ಸೀನಿಗೊಂದು ಮಾತ್ರೆ, ಎದೆಯುರಿಗೆ ಇನ್ನೊಂದು ಯಾಕೆ?

ಬಸವನಗುಡಿಯಿಂದ ಬರೆದಿರುವ ನಿವೃತ್ತ ಮೇಷ್ಟ್ರಿಗೆ ನಮಸ್ಕಾರ. ನಿಮ್ಮದು ಎರಡು ಪುಟದ ಕಾಗದ, ತಕರಾರು ಎರಡೇ. ಬ್ರಿಟಿಷ್ ಔಷಧಿ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಅವರ ಸಂಶೋಧನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ, ಸೀನಿಗೂ ಹೊಟ್ಟೆಯ ಆಸಿಡ್‌ಗೂ ಹಿಸ್ಟಮಿನ್ ಎಂಬ, ದೇಹವೇ ತಯಾರಿಸುವ ರಾಸಾಯನಿಕವೇ ಕಾರಣ ಅಂದಿದ್ದೆವು. ಹಾಗಾದರೆ ನೀವು ಸೀನಿಗೆಂದು ರಾತ್ರಿ ನುಂಗುವ, ಹಿಸ್ಟಮಿನ್ ತಡೆಯುವ ಸೆಟಿರಿಜಿನ್‌ಗೆ ಎದೆಯುರಿ ಯಾಕೆ ಜಗ್ಗುವುದಿಲ್ಲ? ಮತ್ತೆ, ರಿಸೆಪ್ಟರ್ (ಹಿಸ್ಟಮಿನ್ ಬಂದು ಕೂರುವ, ಜೀವಕೋಶದ ಮೇಲಿನ ಜಾಗ) ಬೀಗ, ಹಿಸ್ಟಮಿನ್ ಕೀಲಿಕೈ ಎಂದು ನಾವು ಬಳಸಿದ 'ಬೀಗ-ಕೀಲಿಕೈ' ಹೋಲಿಕೆ ಸರೀನಾ?

ಮೊದಲು ಎದೆಯುರಿ. ಸಂಜೆ ಲಾಲ್‌ಬಾಗ್ ಕೆರೆಯ ಬಳಿ ಕೂತು ಬಂದ ಮೇಲೆ ಮುಂಗೈ ನೋಡಿಕೊಳ್ಳಿ. ಸೊಳ್ಳೆ ಕಚ್ಚಿದಲ್ಲಿ ಒಂದು ಕೆಂಪು ಚುಕ್ಕೆ. ಸುತ್ತ ತೆಳುವಾಗಿ ಕೆಂಪು ಹರಡುತ್ತದೆ. ನಡುವೆ ಬಿಳಿಚಿಕೊಂಡ ದದ್ದು ಉಬ್ಬುತ್ತದೆ. ತುರಿಕೆಯಂತೂ ಕೇಳಲೇಬೇಡಿ. ಚರ್ಮದ ಕೆಲವು ಜೀವಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ, ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಸೋರುತ್ತದೆ, ಅಷ್ಟೇ. ಇದೇ ಹಿಸ್ಟಮಿನ್ ಜಠರದ ಗೋಡೆಯಲ್ಲಿ ಆಸಿಡ್ ಸುರಿಸಿ ಅನ್ನುತ್ತದೆ. ಹೇಳುವುದು ಒಂದೇ ವಸ್ತು, ಕೇಳಿಸಿಕೊಳ್ಳುವ ರಿಸೆಪ್ಟರ್‌ಗಳು ಬೇರೆ.

ಇದು ಗೊತ್ತಾಗಲು ತುಂಬಾ ವರ್ಷ ಬೇಕಾಯಿತು. ಹೆನ್ರಿ ಡೇಲ್ ಮತ್ತು ಲೇಡ್ಲಾ ಹಿಸ್ಟಮಿನ್ ದೇಹದಲ್ಲಿ ಏನು ಮಾಡುತ್ತದೆಂದು ಬರೆದದ್ದು 1910ರಲ್ಲಿ. ಅದನ್ನು ತಡೆಯುವ ಮೊದಲ ಔಷಧಿಯ ಸುಳಿವು ಡೇನಿಯಲ್ ಬೊವೆಗೆ ಸಿಕ್ಕಿದ್ದು 1937ರಲ್ಲಿ. ಆಮೇಲೆ ಬಂದ ಔಷಧಿಗಳು ಗಿನಿಪಿಗ್‌ನ ಕರುಳಿನ ತುಂಡು ಹಿಸ್ಟಮಿನ್‌ಗೆ ಮುದುಡುವುದನ್ನು ಚೆನ್ನಾಗಿ ತಡೆದವು. ಆಸಿಡ್ ಮಾತ್ರ ನಿಲ್ಲಲೇ ಇಲ್ಲ. ಔಷಧಿ ಸಾಕಾಗುತ್ತಿಲ್ಲ ಅಂದುಕೊಂಡು ಸುಮ್ನೆ ಇರಬಹುದಿತ್ತು, ಅಲ್ವಾ? ಬ್ಲ್ಯಾಕ್ ತಂಡ ಹಾಗೆ ಮಾಡಲಿಲ್ಲ. ಇನ್ನೊಂದು ರಿಸೆಪ್ಟರ್ ಇರಲೇಬೇಕು ಎಂದು ಹಿಡಿದು ಕೂತರು. ಹಿಸ್ಟಮಿನ್ನನ್ನೇ ಸ್ವಲ್ಪ ತಿದ್ದಿ ನೋಡಿದಾಗ ಒಂದು ರೂಪ ಕರುಳನ್ನು ಅಷ್ಟಾಗಿ ಕೆಣಕದೆ ಆಸಿಡ್ ಜಾಸ್ತಿ ಮಾಡಿತು. ನನ್ನ ಪ್ರಕಾರ ಇಡೀ ಕಥೆಯ ಜೀವ ಇಲ್ಲಿದೆ. ಆ ಎರಡನೆಯ ರಿಸೆಪ್ಟರ್ ಎಚ್2 ಎಂದು 1972ರಲ್ಲಿ ಪ್ರಕಟಿಸಿದರು. ಎಚ್2 ತಡೆಯಲು ಅವರು ಮಾಡಿದ ಮೊದಲ ಔಷಧಿ ಬಾಯಿಂದ ಕೊಟ್ಟರೆ ಮೈಗೆ ಹತ್ತಲಿಲ್ಲ. ಎರಡನೆಯದು ಕೆಲವರಲ್ಲಿ ಬಿಳಿ ರಕ್ತಕಣ ಇಳಿಸಿತು. ಮೂರನೆಯದು ಸಿಮೆಟಿಡಿನ್, 1976ರಲ್ಲಿ ಬ್ರಿಟನ್ನಿನ ಅಂಗಡಿಗೆ ಬಂತು. 1988ರಲ್ಲಿ ಬ್ಲ್ಯಾಕ್‌ಗೆ ನೊಬೆಲ್.

ಸೆಟಿರಿಜಿನ್ ಹಿಡಿಯುವುದು ಎಚ್1 ರಿಸೆಪ್ಟರನ್ನು, ಅಂದರೆ ಸೀನು, ತುರಿಕೆ ತರುವ ಮೊದಲನೆಯದನ್ನು. ಹೊಟ್ಟೆಯ ಎಚ್2 ಅದರ ಮಾತು ಕೇಳುವುದಿಲ್ಲ. ಅಂದಹಾಗೆ ನೀವು ಬರೆದಿರುವ 'ಗ್ಯಾಸ್ ಮಾತ್ರೆ' ಪ್ಯಾಂಟೊಪ್ರಜೋಲ್ ಆಗಿದ್ದರೆ ಅದಕ್ಕೆ ಎಚ್2 ಕೂಡ ಬೇಕಿಲ್ಲ, ಆಸಿಡ್ ಹೊರಹಾಕುವ ಪಂಪನ್ನೇ ನಿಲ್ಲಿಸುತ್ತದೆ. ಆದರೆ ನನ್ನ ಉತ್ತರ ನೋಡಿ ಮಾತ್ರೆ ಬದಲಾಯಿಸಬೇಡಿ, ಡಾಕ್ಟರನ್ನು ಕೇಳಿ.

ಎರಡನೆಯ ತಕರಾರಿನಲ್ಲಿ ತಪ್ಪು ನಮ್ಮದೇ. ಬೀಗ ಅಂದರೆ ಕೀಲಿಕೈ ಬರುವ ತನಕ ಅಲ್ಲಾಡದೆ ಇರುವ ವಸ್ತು. ರಿಸೆಪ್ಟರ್ ಹಾಗಲ್ಲ. ಚಿಲಕ ಸರಿಯಾಗಿ ಕೂರದ ಹಳೇ ಮನೆಯ ಬಾಗಿಲು ಗಾಳಿಗೆ ತಾನೇ ತೆರೆದು ಮುಚ್ಚುತ್ತದಲ್ಲ, ಅಂಥದ್ದು. ಹಿಸ್ಟಮಿನ್ ಬಂದರೆ ಬಾಗಿಲು ತೆರೆದೇ ಇರಲಿ ಎಂದು ಇಟ್ಟಿಗೆ ಇಟ್ಟಂತೆ. ಸೆಟಿರಿಜಿನ್ ಬಂದರೆ ಮುಚ್ಚಿದ ಬಾಗಿಲಿಗೆ ಒಳಗಿನಿಂದ ಕಲ್ಲು ಒರಗಿಸಿದಂತೆ. ಅಂದರೆ ಹಿಸ್ಟಮಿನ್ ಇಲ್ಲದಾಗಲೂ ನಡೆಯುವ ಅಲ್ಪಸ್ವಲ್ಪ ಸಂಕೇತವನ್ನೂ ಅದು ತಗ್ಗಿಸುತ್ತದೆ. ಬರೀ ಕೀಲಿಕೈಗೆ ಅಡ್ಡ ಬರುವ ಕೆಲಸ ಅದಲ್ಲ.

ಹಳೇ ಅಲರ್ಜಿ ಮಾತ್ರೆ ಏವಿಲ್ ನುಂಗಿದರೆ ನಿದ್ದೆ ಬರುತ್ತಿತ್ತು ಅಂತಲೂ ಬರೆದಿದ್ದೀರಿ. ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಎಚ್1 ಇವೆ, ಹಳೇ ಔಷಧಿಗಳು ಅಲ್ಲಿಗೂ ನುಗ್ಗುತ್ತವೆ. ಸೆಟಿರಿಜಿನ್ ಅಷ್ಟು ಒಳಗೆ ಹೋಗುವುದಿಲ್ಲ, ಆದರೂ ಕೆಲವರಿಗೆ ತೂಕಡಿಕೆ ಬರುತ್ತದೆ. ಸ್ಕೂಟರ್ ಹತ್ತುವ ಮುಂಚೆ ನೆನಪಿರಲಿ.

ಬೀಗದ ಚಿತ್ರದ ಬದಲು ಬಾಗಿಲಿನ ಚಿತ್ರ ಮುಂದಿನ ಸಂಚಿಕೆಗೆ ತಯಾರಾಗುತ್ತಿದೆ. ಕಲಾವಿದರು ಈಗಷ್ಟೇ ಬಂದು, ಇಟ್ಟಿಗೆ ಹೊರಗಡೆ ಇಡಬೇಕಾ ಒಳಗಡೆಯಾ ಅಂತ ಕೇಳಿ ಹೋದರು.