ಹೋದ ವರ್ಷ ಹಣ್ಣು ಬಿಟ್ಟ ಹಾವಿನ ಗಿಡ ಈ ವರ್ಷ ಯಾಕೆ ಬಿಡಲಿಲ್ಲ?

ಪ್ರಶ್ನೆ: ನಮ್ಮ ಕಾಫಿ ತೋಟದ ಕೆಳಗಡೆ, ಹಳ್ಳದ ಪಕ್ಕದ ಧರೆಯಲ್ಲಿ ಮಳೆ ಹಿಡಿಯುತ್ತಿದ್ದಂತೆ ಒಂದು ಗಿಡ ಏಳುತ್ತದೆ. ಒಂದೇ ದಂಟು, ತುದಿಯಲ್ಲಿ ಕೊಡೆ ಬಿಚ್ಚಿದ ಹಾಗೆ ಒಂದೇ ಎಲೆ. ಕೆಳಗೆ ಹೆಡೆ ಎತ್ತಿದ ಹಾವಿನ ಆಕಾರದ ಹೂ, ಅದರ ಮೇಲೆ ಬಿಳಿ ಗೆರೆ. ಹೋದ ವರ್ಷ ಇದರಲ್ಲಿ ಕೆಂಪು ಹಣ್ಣಿನ ತೆನೆ ಬಂದಿತ್ತು. ಈ ವರ್ಷ ಗಿಡ ಕುಳ್ಳಗಾಗಿದೆ, ಹೂ ಬಂದರೂ ಹಣ್ಣಿಲ್ಲ. ರೋಗ ಏನಾದರೂ ಇರಬಹುದಾ? ಕಳೆ ತೆಗೆಯುವವರು ವಿಷದ ಗಿಡ ಅಂತ ಕಡಿದು ಹಾಕುತ್ತಾರೆ. ಬೆಂಗಳೂರಲ್ಲಿರುವ ಮಗಳಿಗೆ ಕುಂಡದಲ್ಲಿ ಬೆಳೆಸುವ ಆಸೆ. ಆಗುತ್ತದಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ರೋಗ ಏನೂ ಇಲ್ಲ. ನಿಮ್ಮ ಗಿಡ ಹೋದ ವರ್ಷ ಹೆಣ್ಣಾಗಿತ್ತು, ಈ ವರ್ಷ ಗಂಡಾಗಿದೆ, ಅಷ್ಟೇ.

ಇದು ಅರಿಸೀಮಾ ಕುಲದ ಗಿಡ. ಇಂಗ್ಲಿಷಿನವರು ಕೋಬ್ರಾ ಲಿಲಿ ಅನ್ನುತ್ತಾರೆ. ಕೆಸು, ಸುವರ್ಣಗೆಡ್ಡೆಗಳ ನೆಂಟ. ಕೊಡೆಯ ಕಡ್ಡಿಗಳ ಹಾಗೆ ಆ ಒಂದು ಎಲೆಯ ಎಲ್ಲ ಸೀಳುಗಳೂ ಒಂದೇ ಕಡೆಯಿಂದ ಹೊರಟಿವೆ ಎಂದರೆ ಬಹುಶಃ ಅರಿಸೀಮಾ ಲೆಶೆನಾಲ್ಟಿ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದ ಕಾಡುಗಳೇ ಇದರ ಮನೆ.

ಬೇಸಿಗೆಯಲ್ಲಿ ಇದು ನೆಲದೊಳಗೆ ಬರೀ ಗೆಡ್ಡೆ. ಮುಂಗಾರಿಗೆ ಎದ್ದು, ಇರುವ ಒಂದೇ ಎಲೆಯಲ್ಲಿ ಮಳೆಗಾಲವಿಡೀ ಆಹಾರ ಮಾಡಿ ಗೆಡ್ಡೆಗೆ ತುಂಬುತ್ತದೆ. ಅದೇ ಮುಂದಿನ ವರ್ಷದ ಕಣಜ. ಗೆಡ್ಡೆ ದಪ್ಪವಾಗಿದ್ದರೆ ಗಿಡ ಹೆಣ್ಣು, ಸಣ್ಣದಿದ್ದರೆ ಗಂಡು, ತೀರಾ ಸೊರಗಿದ್ದರೆ ಹೂವೇ ಇಲ್ಲ, ಬರೀ ಎಲೆ. ಪರಾಗ ಮಾಡಲು ಖರ್ಚು ಕಡಿಮೆ. ತೆನೆ ತುಂಬಾ ಹಣ್ಣು ಬಲಿಸಲು ಗೆಡ್ಡೆಯೇ ಬರಿದಾಗುತ್ತದೆ. ಹೋದ ವರ್ಷ ಹಣ್ಣು ಬಿಟ್ಟು ಸುಸ್ತಾದ ಗಿಡ ಈ ವರ್ಷ ಗಂಡಾಗಿ ಸುಧಾರಿಸಿಕೊಳ್ಳುತ್ತಿದೆ. ಅದರ ಜೊತೆಗೆ ಇನ್ನೆರಡು ವಿಷಯ ನೋಡಿ. ಮರಗಸಿ ಮಾಡುವಾಗ ಆ ಜಾಗದ ನೆರಳು ಜಾಸ್ತಿ ತೆಗೆದಿರಾ? ಜುಲೈ, ಆಗಸ್ಟಿನಲ್ಲಿ ವೀಡ್ ಕಟ್ಟರ್ ಅದರ ಮೇಲೆ ಹೋಗಿತ್ತಾ? ಇರುವ ಒಂದೇ ಎಲೆ ಹೋದರೆ ಆ ವರ್ಷದ ಸಂಪಾದನೆ ಮುಗಿದ ಹಾಗೇ.

ನೀವು ಹೂ ಅಂದದ್ದು ಸುರುಳಿ ಸುತ್ತಿಕೊಂಡ ಒಂದು ಎಲೆ. ಹೂಗಳು ಅದರೊಳಗಿನ ದಿಂಡಿನ ಬುಡದಲ್ಲಿ, ಕಾಳು ಅಂಟಿಸಿದ ಹಾಗೆ ಇರುತ್ತವೆ. ಬಾಡಲು ಶುರುವಾದ ಒಂದು ಹೆಡೆಯನ್ನು ಬುಡದಲ್ಲಿ ಬಿಡಿಸಿ ನೋಡಿ. ತಳದಲ್ಲಿ ಕಪ್ಪಗೆ ಸಣ್ಣ ನೊಣಗಳು ಸತ್ತು ಬಿದ್ದಿರಬಹುದು. ಇವು ಅಣಬೆಯಲ್ಲಿ, ಕೊಳೆತ ಎಲೆಯಲ್ಲಿ ಮೊಟ್ಟೆ ಇಡುವ ಜಾತಿಯವು. ವಾಸನೆಗೆ ಮರುಳಾಗಿ ಬರುತ್ತವೆ. ಒಳಗೋಡೆ ನುಣುಪು, ಜಾರಿ ತಳಕ್ಕೆ ಬೀಳುತ್ತವೆ. ಈ ಕುಲದ ಹಲವು ಜಾತಿಗಳಲ್ಲಿ ಗಂಡು ಹೆಡೆಯ ಬುಡದಲ್ಲಿ ಸಣ್ಣ ಸಂದಿ ಇರುತ್ತದೆ. ಮೈಗೆಲ್ಲ ಪರಾಗ ಮೆತ್ತಿಕೊಂಡ ನೊಣ ಅಲ್ಲಿಂದ ಹೊರಬೀಳುತ್ತದೆ. ಆಮೇಲೆ ಹೆಣ್ಣು ಹೆಡೆಯೊಳಗೆ ಬಿದ್ದರೆ ಮುಗೀತು. ಅಲ್ಲಿ ಸಂದಿಯೇ ಇಲ್ಲ. ಹೊರಗೆ ಹೋಗಲು ಒದ್ದಾಡುತ್ತಾ ಪರಾಗ ಉದುರಿಸಿ ಅಲ್ಲೇ ಸಾಯುತ್ತದೆ. ಜೇನು, ಪತಂಗಗಳಿಗೆ ಕೊಡುವ ಹಾಗೆ ಕೂಲಿಯೂ ಇಲ್ಲ. ಇಷ್ಟು ನಿರ್ದಯವಾಗಿ ಕೆಲಸ ಮಾಡಿಸಿಕೊಳ್ಳುವ ಹೂ ನಮ್ಮ ಕಾಡಿನಲ್ಲಿ ಬೇರೆ ಇದೆಯಾ ಅನ್ನಿಸುತ್ತದೆ!

ಅದಕ್ಕೇ ಬರೀ ನೆರಳಿದ್ದರೆ ಸಾಲದು. ತರಗೆಲೆ ಕೊಳೆಯಬೇಕು, ಅಣಬೆ ಏಳಬೇಕು, ನೊಣ ಹುಟ್ಟಬೇಕು. ದರಗನ್ನು ಪೂರ್ತಿ ಗುಡಿಸಿ ಒಯ್ದ ಜಾಗದಲ್ಲಿ ನೆರಳಿದ್ದರೂ ಕಾಳು ಕಟ್ಟುವುದು ಕಷ್ಟ. ಹಳ್ಳದ ಧರೆಯಲ್ಲಿ ನೀರು ನಿಲ್ಲದೆ ಇಳಿದುಹೋಗುವುದರಿಂದ ಗೆಡ್ಡೆಯೂ ಕೊಳೆಯುವುದಿಲ್ಲ. ನಿಮ್ಮ ಗಿಡ ಒಳ್ಳೇ ಜಾಗ ಹಿಡಿದಿದೆ.

ವಿಷದ ಮಾತು ಸುಳ್ಳಲ್ಲ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಅದೇ ಸೂಜಿಯಂಥ ಆಕ್ಸಲೇಟ್ ಹರಳು ಇದರಲ್ಲೂ ಇದೆ. ಹಣ್ಣು ಕೆಂಪಗೆ ಚಂದ ಕಾಣುವುದರಿಂದ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಬಾಯಿ, ಗಂಟಲು ಊದಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಸುಮ್ನೆ ಪಕ್ಕದಲ್ಲಿ ನಿಂತರೆ ಏನೂ ಆಗುವುದಿಲ್ಲ. ಹಾವಿಗೂ ಇದಕ್ಕೂ ನಂಟಿಲ್ಲ. ಆದರೆ ತಂಪು ತರಗೆಲೆ ಹಾವಿಗೂ ಇಷ್ಟ, ಕೈ ಹಾಕುವ ಮೊದಲು ಕೋಲಾಡಿಸಿ. ಕಡಿಯುವವರಿಗೆ ಬೈದು ಪ್ರಯೋಜನವಿಲ್ಲ. ಗಿಡದ ಪಕ್ಕ ಗೂಟ ನೆಟ್ಟು ಗುರುತು ಮಾಡಿ, ಅಷ್ಟು ಬಿಟ್ಟು ಕೊಯ್ಯಿರಿ ಅನ್ನಿ.

ಮಗಳಿಗೆ ಗೆಡ್ಡೆ ಕಿತ್ತು ಕೊಡಬೇಡಿ. ಮೀಸಲು ಅರಣ್ಯದಿಂದ ಕೀಳುವುದಂತೂ ಅಪರಾಧ. ಮುಂದೆ ಗಿಡ ಮತ್ತೆ ಹೆಣ್ಣಾಗಿ ಹಣ್ಣು ಬಿಟ್ಟಾಗ ಕೈಗವಸು ಹಾಕಿಕೊಂಡು ನಾಲ್ಕು ಹಣ್ಣು ಹಿಸುಕಿ, ಬೀಜ ತೊಳೆದುಕೊಳ್ಳಿ. ಉಳಿದದ್ದು ಅಲ್ಲೇ ಇರಲಿ. ಎಲೆಗೊಬ್ಬರ, ಸ್ವಲ್ಪ ಮರಳು ಸೇರಿಸಿದ ಮಣ್ಣಿನಲ್ಲಿ ತೆಳ್ಳಗೆ ಮುಚ್ಚಿ, ಬಿಸಿಲು ಬೀಳದ ಕಡೆ ಇಡಲಿ. ಮೊದಲ ವರ್ಷ ಒಂದು ಪುಟ್ಟ ಎಲೆ ಬಂದರೆ ಅದೇ ದೊಡ್ಡದು. ಹೂ ನೋಡಲು ಕೆಲವು ವರ್ಷ ಕಾಯಬೇಕು. ಮಳೆಗಾಲ ಮುಗಿದು ಎಲೆ ಹಳದಿಯಾದರೆ ಸತ್ತುಹೋಯಿತು ಅಂತ ಎಸೆಯುವುದೂ ಬೇಡ, ದಿನಾ ನೀರು ಹುಯ್ಯುವುದೂ ಬೇಡ. ಮುಂದಿನ ಮುಂಗಾರಿನವರೆಗೆ ಕುಂಡ ಒಣಗಿಯೇ ಇರಲಿ.